ಷರಾ ಕಾಲಂ

ರಾತ್ರಿ ಪಾಳಿ. ಕೊಲ್ಹಾರದ ಸಬ್‌ಸ್ಟೇಷನ್.
ಟ್ರಾನ್ಸ್‌ಫಾರ್ಮರು ತನಗೆ ಬರುವ ಒಂದೇ ಅಕ್ಷರ ಗುನುಗುತ್ತ ನಿಂತಿದೆ.
ಗಂಟೆಗೊಮ್ಮೆ ಎದ್ದು ಮೀಟರು ನೋಡಿ
ಲಾಗ್‌ಬುಕ್ಕಿನಲ್ಲಿ ಬರೆಯುತ್ತೇನೆ: ವೋಲ್ಟು, ಆಂಪಿಯರು,
ಎಣ್ಣೆಯ ಬಿಸಿ, ಕೊನೆಗೆ ಷರಾ.
ಷರಾ ಅಂದರೆ ಹೆಚ್ಚಾಗಿ ಒಂದು ಅಡ್ಡಗೆರೆ.

ನಡುವಿನ ಐವತ್ತೈದು ನಿಮಿಷ ನನ್ನವು.
ಪರೀಕ್ಷೆಗೆ ಇನ್ನು ಹತ್ತೊಂಬತ್ತು ದಿನ.
ವಿಜಯಪುರದಲ್ಲಿ ಅರ್ಧ ಬೆಲೆಗೆ ಸಿಕ್ಕ ಗೈಡು,
ಹಳೆಯ ಯಜಮಾನನ ಪೆನ್ಸಿಲ್ ಗುರುತುಗಳ ಸಮೇತ,
ತೆರೆದು ಬಿದ್ದಿದೆ ನಲವತ್ತೇಳನೇ ಪ್ರಶ್ನೆಗೆ:
'ಒಂದು ಚಿಕ್ಕ ದೇಶದ ಸ್ಥಾಪಿತ ವಿದ್ಯುತ್ ಸಾಮರ್ಥ್ಯ,
ಮೆಗಾವ್ಯಾಟ್‌ಗಳಲ್ಲಿ.'

ಎಂಬತ್ತರಲ್ಲಿ ಹನ್ನೆರಡು.
ಎಂಬತ್ತೈದರಲ್ಲಿ ಮೂವತ್ತೊಂದು.
ತೊಂಬತ್ತರಲ್ಲಿ ಮೂವತ್ತೊಂದು.
ತೊಂಬತ್ತೈದರಲ್ಲೂ ಅದೇ.
ಎರಡು ಸಾವಿರಕ್ಕೆ ಇಪ್ಪತ್ತಾರು.
ಎರಡು ಸಾವಿರದೈದಕ್ಕೆ ಎಪ್ಪತ್ತನಾಲ್ಕು.
ಒಟ್ಟು ಏರಿಕೆ ಶೇಕಡಾ ಎಷ್ಟು?

ಲೈನ್‌ಮನ್ ದಾವಲಸಾಬ ಚಹಾದ ಲೋಟ
ಪುಸ್ತಕದ ಮೇಲೇ ಇಟ್ಟು ಬಗ್ಗಿ ನೋಡಿದ.
'ಯಾವ ದೇಶರೀ ಇದು?'
ಹೆಸರು ಕೊಟ್ಟಿಲ್ಲ ಅಂದೆ.
'ಹೆಸರಿಲ್ಲದ ದೇಶಕ್ಕ ಕರೆಂಟ ಕೊಟ್ಟಾರ.
ನಮ್ಮ ತೋಟದ ವಸ್ತಿಗೆ ಹೆಸರಿದ್ದೂ
ಕಂಬ ಬರಾಕ ಎಂಟು ವರ್ಷ ಹಿಡೀತು.'

ಸ್ಥಾಪಿತ ಅಂದರೇನು ಎಂದು ಕೇಳಿದ.
ಎಲ್ಲ ಯಂತ್ರವೂ ಒಮ್ಮೆಗೇ ಪೂರ್ತಿ ತಿರುಗಿದರೆ
ಎಷ್ಟು ಹುಟ್ಟೀತೋ ಅಷ್ಟು ಅಂದೆ.
'ಅಂದ್ರ ಗಡಿಗಿ ಲೆಕ್ಕ. ಮೊಸರಿನ ಲೆಕ್ಕ ಅಲ್ಲ.'
ಕೊಲ್ಹಾರದವನು. ಗಡಿಗೆ ಬೋರಲು ಹಾಕಿದರೂ
ಬೀಳದ ಮೊಸರು ಕಂಡವನು,
ಬೋರಲು ಹಾಕಿಟ್ಟ ಬರಿಗಡಿಗೆಯನ್ನೂ.

ಆಮೇಲೆ ಅವನ ಬೆರಳು, ತಂತಿ ಸುಟ್ಟು ಉಗುರು ಹೋದ ಬೆರಳು,
ಮೂವತ್ತೊಂದರ ಮೇಲೆ ನಿಂತಿತು.
'ಮೂರು ಸಲ ಐತಿ. ಹತ್ತು ವರ್ಷ ಒಂದ ಅಂಕಿ.
ಹುಟ್ಟಿದ ಕೂಸು ನಾಕನೇತ್ತಾ ಪಾಸಾಗಿರತೈತಿ,
ಹೊಸಾ ಸೊಸಿ ಮೂರು ಹಡದಿರತಾಳ.
ಅಷ್ಟೂ ಮಂದಿಗಿ ಅದನ್ನ ಹಂಚಬೇಕಲ್ರೀ,
ಇವತ್ತ ಈ ಓಣಿ, ನಾಳಿ ಆ ಓಣಿ.'
ಅಲ್ಲಿಯೂ ನನ್ನಂಥವನೊಬ್ಬ ಕೂತಿರಬೇಕು,
ಒಂದು ಕೈ ಸ್ವಿಚ್ಚಿನ ಮೇಲೆ,
ಇನ್ನೊಂದರಲ್ಲಿ ಬೈಗುಳ ತುಂಬಿದ ಫೋನು.

'ಈ ಇಪ್ಪತ್ತಾರು?'
ಯಾವುದೋ ಹಳೆಯ ಡೀಸೆಲ್ ಎಂಜಿನ್ ನಿಲ್ಲಿಸಿರಬೇಕು.
'ಅದಕ್ಕ ಎಣ್ಣಿ ಹಾಕತಿದ್ದಾಂವ?'
ಗೈಡಿನಲ್ಲಿ ಅವನಿಲ್ಲ.
ಐದು ಇಳಿದದ್ದಷ್ಟೇ ಇದೆ.

ಎಪ್ಪತ್ತನಾಲ್ಕಕ್ಕೆ ಬಂದು ದಾವಲಸಾಬ ಮಾತು ಬಿಟ್ಟ.
ಒಮ್ಮೆಲೇ ಇಷ್ಟು ಏರಬೇಕಾದರೆ
ಎಲ್ಲೋ ಒಂದು ಹೊಳೆಯನ್ನು ನಿಲ್ಲಿಸಿರಬೇಕು.
ಕಿಟಕಿಯಾಚೆ ಕೃಷ್ಣೆಯ ಹಿನ್ನೀರು.
ಅದರಡಿ ಹಳೆಯ ಊರು,
ಅವನ ಅವ್ವ ಸಾರಿಸುತ್ತಿದ್ದ ಕಟ್ಟೆ,
ಅವನು ಮೊಟ್ಟಮೊದಲು ಹತ್ತಿದ ಕಂಬದ ಗುಂಡಿ.
ನೀರು ಬರುವ ಮುಂಚೆ ತಂತಿ ಬಿಚ್ಚಿ, ಸುರುಳಿ ಸುತ್ತಿ,
ಎತ್ತಿನ ಗಾಡಿಯಲ್ಲಿ ಸ್ಟೋರಿಗೆ ಒಪ್ಪಿಸಿದವನೂ ಅವನೇ.
ರಸೀದಿ ಇನ್ನೂ ಇಟ್ಟಿದ್ದಾನಂತೆ.

ದೂರದಲ್ಲಿ ಕೂಡಗಿಯ ಚಿಮಣಿಯ ಕೆಂಪು ದೀಪ
ಹತ್ತಿತು, ಆರಿತು, ಹತ್ತಿತು.
'ಈ ಪುಸ್ತಕದಾಗ ಷರಾ ಕಾಲಂ ಇಲ್ಲೇನ್ರೀ?' ಎಂದ.

ಮೂರು ಹತ್ತಕ್ಕೆ ಫೀಡರ್ ಟ್ರಿಪ್ಪಾಯಿತು.
ಟಾರ್ಚು, ಕೈಗವಸು ಎತ್ತಿಕೊಂಡು ಹೋದ.
ನಾಲ್ಕಕ್ಕೆ ತಿರುಗಿ ಬಂದು ಹೇಳಿದ:
ಗೂಗೆ ಬಡಿದಿತ್ತು ತಂತಿಗೆ,
ಸತ್ತರೂ ಕಾಲಲ್ಲಿ ಇಲಿ ಬಿಟ್ಟಿರಲಿಲ್ಲ.

ಷರಾದಲ್ಲಿ ಎಲ್ಲ ಬರೆದೆ. ಇಲಿಯನ್ನೂ.
ಜಾಗ ಸಾಲದೆ ಅಕ್ಷರಗಳು
ಮುಂದಿನ ಗಂಟೆಯ ಖಾನೆಗೆ ಇಳಿದವು.

ಐನೂರ ಹದಿನಾರು ಪಾಯಿಂಟ್ ಏಳು. ಉತ್ತರ ಸಿ.
ಹಳೆಯ ಯಜಮಾನನೂ ಅದಕ್ಕೇ ಗುರುತು ಹಾಕಿದ್ದಾನೆ,
ಅದರ ಮೇಲೊಂದು ಲೋಟದ ದುಂಡು ಕಲೆ.

ನಲವತ್ತೆಂಟನೇ ಪ್ರಶ್ನೆ.
ಎರಡು ರೈಲುಗಳು ಎದುರುಬದುರು ಬರುತ್ತಿವೆ.