ಕಾಜದಲ್ಲಿ ನಾರು

ಮಿಸ್ಸೂರಿ ನದಿಯ ದಂಡೆ, ೧೮೫೫ರ ಮಾರ್ಚ್

ದಿನಕ್ಕೆ ನೂರು ಪೌಂಡು.
ಅಷ್ಟು ಸೆಣಬು ಮುರಿದು ನಾರು ಬಿಡಿಸಿದರೆ
ಬೆನ್ನು ಬೆನ್ನಾಗಿಯೇ ಉಳಿಯುತ್ತದೆ.
ಅದರಾಚೆ ಪೌಂಡಿಗೊಂದು ಸೆಂಟು, ನನಗೇ.
ಹೀಗೆ ಮೂರು ಚಳಿಗಾಲ ಕೂಡಿಟ್ಟದ್ದು
ಹನ್ನೊಂದು ಡಾಲರು, ನಲವತ್ತು ಸೆಂಟು.
ಲೆಟ್ಟಿಯ ಬೆಲೆ ಒಂಬೈನೂರು.
ಐಸಮ್‌ಗೆ ಲೆಕ್ಕ ಬಾರದು ಎಂದು ಧಣಿ ನಂಬಿದ್ದಾರೆ.
ನಂಬಿರಲಿ.

ಮೊನ್ನೆ ಬೆಳಕು ಹರಿಯುವ ಮುಂಚೆ ಟಾಲಿವರ್ ಧಣಿ ಹೊಲಕ್ಕೆ ಬಂದರು.
ಮುರಿಮಣೆಯ ಮೇಲಿಂದ ಒಂದೆಳೆ ಎತ್ತಿ
ಕೋಟಿನ ಕಾಜಕ್ಕೆ ಸಿಕ್ಕಿಸಿಕೊಂಡರು.
ಹಿಂದೆಯೇ ಮಗ ಪಿಂಕ್ನಿ, ಅವನ ಹಿಂದೆ
ಲೆಟ್ಟಿಯ ಒಡೆಯ, ಧಣಿಯ ಭಾವಮೈದ,
ಆಮೇಲೆ ಪೇಟೆಯ ಕುಡುಕರು, ಪುಕ್ಕಟೆ ವಿಸ್ಕಿಗೆ ಬಂದವರು.
ಒಬ್ಬೊಬ್ಬರಿಗೂ ಒಂದೊಂದೆಳೆ.
ಯಾರು ನಮ್ಮವರೆಂದು ಗುರುತು ಬೇಕಲ್ಲ.
ಹೂವಿನ ಸಂಗಡ ನಾರೂ ಸ್ವರ್ಗಕ್ಕೆ ಹೋಯಿತು ಅನ್ನುವ ಮಾತುಂಟು.
ಇಲ್ಲಿ ಹೂವೇ ಇಲ್ಲ. ಬರೀ ನಾರು,
ಹೊರಟದ್ದು ಕ್ಯಾನ್ಸಸ್‌ಗೆ.

ಕುದುರೆ ಹಿಡಿಯಲು ನಾನು.

ಆಚೆ ದಡದಲ್ಲಿ ಹುಲ್ಲು. ಈಚೆಯದೇ ಹುಲ್ಲು.
ಒಂದು ದಿಮ್ಮಿಮನೆ, ಅದಕ್ಕೊಂದು ಕಿಟಕಿ,
ಕಿಟಕಿಯೊಳಗೆ ಪೆಟ್ಟಿಗೆ.
ನೂಕಾಟ ಎಷ್ಟೆಂದರೆ, ಓಟು ಹಾಕಿದವರನ್ನು
ಸೂರಿನ ಮೇಲೆತ್ತಿ ಹಿತ್ತಲಿಗೆ ಇಳಿಸಿದರು.
ಪಿಂಕ್ನಿಗೆ ಹದಿನೇಳು.
ಒಮ್ಮೆ ತನ್ನ ಹೆಸರಲ್ಲಿ ಹಾಕಿದ,
ಇನ್ನೊಮ್ಮೆ ಸತ್ತ ಸೋದರಮಾವನ ಹೆಸರಲ್ಲಿ.
ಆ ಮಾವನಿಗೆ ಗುಂಡಿ ತೋಡಿದವನು ನಾನೇ.
ನೆಲ ಗಟ್ಟಿಯಿತ್ತು, ಎರಡು ದಿನ ಹಿಡಿಯಿತು.
ಇಷ್ಟು ಬೇಗ ಎದ್ದು ಬಂದಾರು ಎಂದುಕೊಂಡಿರಲಿಲ್ಲ.

ಓಹಾಯೋದಿಂದ ಬಂದು ಅಲ್ಲೇ ನೆಲ ಉಳುತ್ತಿದ್ದ ಒಬ್ಬ
ಬಂದೂಕುಗಳನ್ನು ನೋಡಿ, ಓಟು ಹಾಕದೆ ತಿರುಗಿದ.
ನನ್ನ ಕುದುರೆಗಳನ್ನು ಬಳಸಿಕೊಂಡೇ ಹಾದ.
"ಕರಿಯರೇ ಇಲ್ಲದ ಸೀಮೆ ಸಿಗುತ್ತದೆಂದು ಬಂದೆವಲ್ಲ" ಅಂದ,
ಹೆಂಡತಿಗೆ.
ನಾನು ಲಗಾಮು ನೋಡುತ್ತ ನಿಂತೆ.

ಸಂಜೆ ದೋಣಿ ಎಳೆದವನು ಡೆಲವೇರ್ ಕುಲದ ಮುದುಕ.
ಅವನ ಮುತ್ತಜ್ಜನ ಊರು ಮೂಡಣ ಕಡಲ ಬಳಿ ಇತ್ತಂತೆ.
ಒಪ್ಪಂದಕ್ಕೊಂದು ನದಿ ದಾಟಿಸಿ, ಪಡುವಕ್ಕೆ ಸರಿಸಿ ಸರಿಸಿ
ಇಲ್ಲಿ ತಂದು ನಿಲ್ಲಿಸಿ
ಹುಲ್ಲು ಬೆಳೆಯುವವರೆಗೆ ಇದು ನಿನ್ನದು ಅಂದರಂತೆ.
ಇವತ್ತು ಪೆಟ್ಟಿಗೆ ಇಟ್ಟದ್ದು ಆ ಹುಲ್ಲಿನ ಮೇಲೆಯೇ.
ಅವನಿಗೂ ಓಟಿಲ್ಲ.

ಬಿಳಿಯರು ಕುಡಿದು ಮೂಟೆಗಳಂತೆ ಒರಗಿದ್ದರು.
ಮುದುಕ ನನ್ನತ್ತ ನೋಡಲಿಲ್ಲ.
ಎಳೆಯುತ್ತಿದ್ದ ಹಗ್ಗಕ್ಕೆ ಹೇಳಿದಂತೆ ಹೇಳಿದ:
"ಜನವರಿಯ ಕೊನೆಗೆ
ಆ ಮರಳುದಿಬ್ಬದ ಕೆಳಗೆ ಹೊಳೆ ಹೆಪ್ಪುಗಟ್ಟುತ್ತದೆ.
ಎತ್ತಿನ ಗಾಡಿ ಹೊರುತ್ತದೆ.
ಬೆಳ್ಳಗಿರುವಲ್ಲಿ ಕಾಲಿಡಬಾರದು, ಅದು ಟೊಳ್ಳು.
ಕಪ್ಪಗೆ ಕಾಣುವುದೇ ಗಟ್ಟಿ."
ಮತ್ತೆ ಸುಮ್ಮನಾದ.
ಹಗ್ಗವೂ ಸೆಣಬಿನದೇ. ನಾನೇ ಮುರಿದದ್ದೋ ಏನೋ.

ಗೆದ್ದರಂತೆ.
ಆ ಸೀಮೆಯಲ್ಲಿರುವ ತಲೆಗಿಂತ ಬಿದ್ದ ಓಟೇ ಹೆಚ್ಚಂತೆ.
ಭಾವಮೈದ ಅಲ್ಲಿ ನೂರರವತ್ತು ಎಕರೆಗೆ ಗೂಟ ನೆಟ್ಟಿದ್ದಾನೆ,
ಬೇಸಗೆಗೆ ಲೆಟ್ಟಿಯನ್ನೂ ಸಾಗಿಸುತ್ತಾನೆ,
ನೇಗಿಲು, ಹಂದಿ, ಒಲೆಯ ಜೊತೆ.
ನಿನ್ನೆ ರಾತ್ರಿ ಬೇಲಿಯ ಬಳಿ ಅವಳಿಗೆ ಹೇಳಿದೆ:
ಹೋಗು. ಅಳಬೇಡ. ದಡದ ಕಡೆ ಮಲಗು.

ಧಣಿಯ ಕೋಟು ಒದರಿದಾಗ ಕಾಜದ ನಾರು ನೆಲಕ್ಕೆ ಬಿತ್ತು.
ಗುಡಿಸಿ ಒಲೆಗೆ ಹಾಕಿದೆ.

ಇವತ್ತು ತೂಗಿದಾಗ ನೂರು ಪೌಂಡು, ಸರಿಯಾಗಿ ನೂರೇ.
"ಏನೋ, ಕಾಸಿನ ಆಸೆ ಹೋಯಿತೇ?" ಅಂದರು ಧಣಿ.
ಹೌದು ಅಂದೆ.
ಕಾಲಿನ ಕಸುವು ಉಳಿಸಿಕೊಳ್ಳಬೇಕು.

ಕತ್ತಲಲ್ಲಿ ಬೆರಳು ಮಡಿಸುತ್ತೇನೆ:
ಏಪ್ರಿಲ್, ಮೇ, ಜೂನ್...
ಜನವರಿಗೆ ಬಂದಾಗ
ಎರಡೂ ಕೈ ಮುಷ್ಟಿಯಾಗಿರುತ್ತವೆ.