ಅಗಾಫಿಯಾಳ ವಿಮಾನಕ್ಕೆ ಹೊಸ ದೀಪ

ಅಕ್ಟೋಬರ್ ಕೊನೆ. ಕುಸ್ಕೋಕ್ವಿಮ್ ಹೊಳೆ
ನೀರೂ ಅಲ್ಲ, ನೆಲವೂ ಅಲ್ಲ.
ದೋಣಿ ಹೋಗದು, ಸ್ನೋಮೊಬೈಲ್ ಹೋದರೆ ಮರಳದು.
ಈ ಮೂರು ವಾರ ದಂಡೆಯ ಹಳ್ಳಿಗಳಿಗೆಲ್ಲ
ಹಾಲಿನ ಪುಡಿ, ಬಿ.ಪಿ. ಮಾತ್ರೆ, ಡಯಾಪರ್, ಅಂಚೆ
ಆಕಾಶದಿಂದಲೇ ಇಳಿಯಬೇಕು.

ಅದಕ್ಕೇ ಅಗಾಫಿಯಾಳಿಗೆ ಅವಸರ.
'ವಸಿಲಿ, ಶುಕ್ರವಾರದೊಳಗೆ ಮುಗಿಸು' ಅಂದಳು.
ಬೆತೆಲ್‌ನ ನನ್ನ ಹ್ಯಾಂಗರಿಗೆ ಹೀಟರು ಒಂದೇ,
ಅದೂ ಕೆಮ್ಮುತ್ತದೆ.

ಐವತ್ತೆಂಟನೇ ಇಸವಿಯ ವಿಮಾನ,
ನನಗಿಂತ ಎರಡು ವರ್ಷಕ್ಕೆ ಹಿರಿದು.
ಮೊದಲು ಎಡ ರೆಕ್ಕೆಯ ತುದಿ, ಕೆಂಪು ಗಾಜಿನ ಬಟ್ಟಲು.
ಒಂದು ಸ್ಕ್ರೂ ಬಂತು. ಇನ್ನೊಂದು ಹಟ ಹಿಡಿಯಿತು.
ಎಣ್ಣೆ ಬಿಟ್ಟೆ, ಬೈದೆ, ಕಾಫಿ ಕುಡಿದು ಬಂದೆ,
ಆಮೇಲೆ ಏನೂ ಆಗಿಲ್ಲವೆಂಬಂತೆ ತಿರುಗಿತು.
ಬಟ್ಟಲೊಳಗೆ ಯಾವುದೋ ಬೇಸಿಗೆಯ ಸೊಳ್ಳೆ
ಕಾಲು ಮಡಚಿ ಒಣಗಿತ್ತು.
ಗಂಟೆ ಲೆಕ್ಕ ಹಾಕಿದರೆ
ನನಗಿಂತ ಹೆಚ್ಚು ಹಾರಿದ್ದು ಅದೇ.

ಬಲಕ್ಕೆ ಹಸಿರು. ಬಾಲಕ್ಕೆ ಬಿಳಿ.
ಕತ್ತಲಲ್ಲಿ ಎದುರಾದವನಿಗೆ ಇಷ್ಟರಲ್ಲೇ ತಿಳಿಯಬೇಕು
ಇವಳು ಬರುತ್ತಿದ್ದಾಳೋ, ಹೋಗುತ್ತಿದ್ದಾಳೋ.
ಮನುಷ್ಯರಿಗೂ ಹೀಗೆ ಬಣ್ಣ ಹಚ್ಚಿ ಕಳಿಸಿದ್ದರೆ
ನನ್ನ ಮದುವೆ ಇನ್ನೊಂದು ಚಳಿಗಾಲ ತಡೆಯುತ್ತಿತ್ತು.

ಹಳೆಯ ಬಲ್ಬುಗಳು ಹೊಟ್ಟೆಬಾಕ.
ಎಲ್ಲ ಒಟ್ಟಿಗೆ ಹಚ್ಚಿದರೆ ಅಮ್ಮೀಟರಿನ ಮುಳ್ಳು ಸೊರಗಿ
ಎಡಕ್ಕೆ ವಾಲುತ್ತಿತ್ತು.
ಹೊಸದಕ್ಕೆ ಹಸಿವೇ ಇಲ್ಲ.
ಜೋಳದ ಕಾಳಿನಂಥ ಒಂಬತ್ತು ಹಳದಿ ಚುಕ್ಕೆ, ಅಷ್ಟೆ.
ಹಚ್ಚಿದೆ.
ಎದುರು ಗೋಡೆಯಲ್ಲಿ ಇಪ್ಪತ್ತು ವರ್ಷ ಕಾಣದ ಬಿರುಕು ಕಂಡಿತು.
ನನ್ನ ಕೈಯ ನರಗಳೂ.

ಆದರೆ ರೇಡಿಯೊದಲ್ಲಿ ಕುಯ್ಯ್ ಅಂತ ಒಂದೇ ರಾಗ.
ಎರಡು ದಿನ ಹುಡುಕಿದೆ. ದೀಪದ ಬುಡ ಕತ್ತಲೆ ಅನ್ನುತ್ತಾರಲ್ಲ,
ನನ್ನದರ ಬುಡದಲ್ಲಿ ತುಕ್ಕು, ಬೂದಿಯ ಹಾಗೆ ಬೆಳ್ಳಗೆ.
ಅರ್ಥ್ ತಂತಿ ಕೂರುವ ಜಾಗ ಉಜ್ಜಿದೆ,
ಲೋಹ ಮಿನುಗುವ ತನಕ ಉಜ್ಜಿದೆ.
ಸುಮ್ಮನಾಯಿತು.

ಲಾಗ್‌ಬುಕ್ಕಿನಲ್ಲಿ ಬರೆದೆ: ದೀಪಗಳು ಬದಲಾಗಿವೆ,
ತೂಕ ಎರಡೂವರೆ ಪೌಂಡು ಇಳಿದಿದೆ, ಪರೀಕ್ಷಿಸಿದೆ. ಸಹಿ.

ಶುಕ್ರವಾರ ರಾತ್ರಿ ಮರಳಿ ಬಂದವಳು
ಎಂಜಿನ್ ಆರಿಸಿ ಬಹಳ ಹೊತ್ತು ಇಳಿಯಲೇ ಇಲ್ಲ.
'ಚೆನ್ನಾಗಿದೆ' ಅಂದಳು ಕೊನೆಗೆ,
'ರನ್‌ವೇ ದಾಟುತ್ತಿದ್ದ ನರಿಯ ಕಣ್ಣು ಕಂಡಿತು.
ಆದರೆ ಮೋಡದಿಂದ ಹೊರಬಂದಾಗ ಗಾಜಿಗೆ ಹಿಮ ಕಟ್ಟಿತ್ತು,
ಕರಗಲೇ ಇಲ್ಲ.'
ಹೌದು. ಹಳೆಯದು ತನ್ನ ಬಿಸಿಗೆ ತಾನೇ ಮುಖ ತೊಳೆದುಕೊಳ್ಳುತ್ತಿತ್ತು.
ನನಗದು ಹೊಳೆದಿರಲಿಲ್ಲ.

'ಅದಲ್ಲ' ಅಂದಳು. 'ಹಳ್ಳಿಯವರೆಲ್ಲ ದಂಡೆಗೆ ಓಡಿ ಬಂದಿದ್ದರು.'
ಅಷ್ಟು ಬೆಳ್ಳಗಿನ ದೀಪ ಆ ಊರಿಗೆ ಬರುವುದು
ಆಸ್ಪತ್ರೆಯ ವಿಮಾನದ್ದು ಮಾತ್ರ.
ಅವಳ ಚಿಕ್ಕಮ್ಮ ಯೆವ್‌ಡೊಕಿಯಾ, ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಚಪ್ಪಲಿ,
ಕೈಯಲ್ಲಿ ಅರ್ಧ ಸೀಳಿದ ಮೀನು.
'ಯಾರಿಗೆ? ಯಾರಿಗೇನಾಯಿತು?'
ಒಬ್ಬರ ಮುಖ ಒಬ್ಬರು ನೋಡುತ್ತ
ಮನೆಮನೆಯ ಮಕ್ಕಳನ್ನು ಎಣಿಸುತ್ತಿದ್ದರಂತೆ.
ಅಗಾಫಿಯಾ ಹಾಲಿನ ಪುಡಿಯ ಚೀಲ ಎತ್ತಿ ತೋರಿಸಿದಾಗ
ಕೆಲವರು ನಕ್ಕರು. ಒಬ್ಬ ಸಿಟ್ಟಾಗಿ ಮನೆಗೆ ಹೋದ.

ಹಳೆಯ ಹಳದಿ ದೀಪ ತಿರುವಿನಲ್ಲಿ ಕಂಡರೆ ಸಾಕು,
ಯೆವ್‌ಡೊಕಿಯಾ ಚಹಾಕ್ಕೆ ನೀರಿಡುತ್ತಿದ್ದಳು.

ಈಗ ಅದೇ ತಿರುವಿನಲ್ಲಿ ಎರಡು ಸಲ ಆರಿಸಿ ಹಚ್ಚುತ್ತಾಳೆ.
ಯಾರಿಗೂ ಏನೂ ಆಗಿಲ್ಲ, ಎಂದು ಅರ್ಥ.
ಗಾಜಿಗೆ ನಾನು ಮೇಣ ತಿಕ್ಕಿ ಕೊಟ್ಟಿದ್ದೇನೆ,
ಎಷ್ಟು ದಿನ ನಿಲ್ಲುವುದೋ.

ಹಳೆಯ ಬಲ್ಬನ್ನು ಬಿಸಾಡಲಿಲ್ಲ.
ಹೀಟರು ಕೆಮ್ಮಿ ಕೆಮ್ಮಿ ನಿಂತ ದಿನ
ಬ್ಯಾಟರಿಗೆ ಸಿಕ್ಕಿಸಿ ಮುಂದೆ ಕೂರುತ್ತೇನೆ.
ಬೆರಳು ಬಗ್ಗುವಷ್ಟು ಬಿಸಿ ಬರುತ್ತದೆ.
ಓದಲು ಮಾತ್ರ ಸಾಲದು.