ಪಂತರಪಾಳ್ಯಕ್ಕೆ ಮುಂಚೆ

ಬೆಳಗಿನ ಐದಕ್ಕೆ ಟೇಪು ಹಿಡಿದು
ಬುಲ್ ಟೆಂಪಲ್ ರಸ್ತೆ ಅಳೆಯುತ್ತಿದ್ದೆ.
ಹಂಪಿನ ಎತ್ತರ ಏಳು ಇಂಚು,
ಚರಂಡಿ ಚಪ್ಪಡಿ ಹದಿನಾಲ್ಕು, ಒಡೆದದ್ದು ಐದು.
ಹೂ ಕಟ್ಟುತ್ತಿದ್ದವಳು ಕೇಳಿದಳು:
ಅಗಲ ಮಾಡ್ತಾರಾ? ನಮ್ಮ ಜಾಗ ಹೋಗುತ್ತಾ?
ಇಲ್ಲಮ್ಮ, ಇದು ಕಾರಿನ ಆಟಕ್ಕೆ, ಅಂದೆ.
ನಂಬಲಿಲ್ಲ.
ಟೇಪು ಹಿಡಿದು ಬಂದವರು ಯಾರೂ
ಇದುವರೆಗೆ ಆಟಕ್ಕೆ ಬಂದಿರಲಿಲ್ಲ.

ಹಳ್ಳಗಳನ್ನು ಒಂದೊಂದಾಗಿ ತೋಡಿದೆ ಪರದೆಯ ಮೇಲೆ,
ಅಂಚಿನ ಜಲ್ಲಿ, ಒಳಗಿನ ಕೆಸರು ಸಮೇತ.
ರೊಜಾರಿಯೊ ನೋಡಿ ತಲೆ ಕೊಡವಿದ:
ದುಡ್ಡು ಕೊಟ್ಟು ಯಾರು ಬೀಳ್ತಾರೆ ಮಾರಾಯ್ತಿ?
ಮೂರರಲ್ಲಿ ಎರಡು ಮುಚ್ಚಿದೆ.
ಪಾಲಿಕೆಗೆ ವರ್ಷಗಟ್ಟಲೆ ಹಿಡಿಯುವ ಕೆಲಸ
ನನಗೆ ಒಂದು ಮಧ್ಯಾಹ್ನ.
ಖುಷಿಯಾಗಬೇಕಿತ್ತು.

ಮರಕ್ಕೆ ಜಾಗ ಕಡಿಮೆ, ಕಂಪ್ಯೂಟರಿನ ನೆನಪಿಗೆ ಮಿತಿ.
ಒಂದೇ ಹೊಂಗೆಯನ್ನು ತಿರುಗಿಸಿ ತಿರುಗಿಸಿ
ಎಂಬತ್ತು ಸಲ ನೆಟ್ಟೆ.
ನಿಧಾನಕ್ಕೆ ಹೋದವರಿಗೆ ಕಾಣುತ್ತದೆ:
ಎಂಬತ್ತರಲ್ಲೂ ಅದೇ ಕೊಂಬೆ,
ಅದೇ ಹರಿದ ಗಾಳಿಪಟ.

ಕಾರು ಮಾತ್ರ ನಿಜವಾದದ್ದು.
ಕಲಾಸಿಪಾಳ್ಯದ ಅಮೀರ್‌ಜಾನ್ ಗ್ಯಾರೇಜಿನ
ಬೂದು ಬಣ್ಣದ ಕಾಂಟೆಸಾ.
ಸೈಲೆನ್ಸರಿಗೊಂದು ಮೈಕು, ಬಾನೆಟ್ಟಿನೊಳಗೊಂದು,
ಗೇರ್ ಬಾಕ್ಸಿನ ಪಕ್ಕ ಮತ್ತೊಂದು,
ಬನಿಯನ್ ಬಟ್ಟೆ ಸುತ್ತಿ ಕಟ್ಟಿದೆವು.
ಎರಡರಿಂದ ಮೂರಕ್ಕೆ ಹಾಕುವಾಗ
ಒಂದು ಮುಲುಕು ಬರುತ್ತೆ ಮೇಡಂ,
ಅದನ್ನ ತೆಗೀಬೇಡಿ.
ಅದಿಲ್ದಿದ್ರೆ ಇದು ಯಾರ್ದೋ ಗಾಡಿ.

ತೆಗೆಯಲಿಲ್ಲ.
ಮೂರು ತಿಂಗಳಾದ ಮೇಲೆ ಅವರನ್ನೇ ಕರೆದು ಕೂರಿಸಿದೆ,
ಮೇಜಿಗೆ ಬಿಗಿದ ಸ್ಟೀರಿಂಗಿನ ಮುಂದೆ.
ಮೊದಲು ಕೈ ಎತ್ತಿದರು ಕನ್ನಡಿ ಸರಿಮಾಡಲು.
ಗಾಳಿ ಸಿಕ್ಕಿತು.
ಬಿಸ್ಮಿಲ್ಲಾ ಅಂದು ಮೊದಲ ಗೇರು.

ಗವೀಪುರದ ಇಳಿಜಾರಿನಲ್ಲಿ ನ್ಯೂಟ್ರಲ್ಲಿಗೆ ತಳ್ಳಿದರು.
ಪೆಟ್ರೋಲು ಉಳಿಯುತ್ತೆ.
ಟ್ಯಾಂಕಿನಲ್ಲಿ ಇದ್ದದ್ದು ಒಂದು ಸಂಖ್ಯೆ,
ತೀರದ ಹಾಗೆ ನಾನೇ ಬರೆದದ್ದು.
ಹೇಳಲಿಲ್ಲ. ಉಳಿಸಲಿ.

ತಿರುವಿನಲ್ಲಿ ಹಾರನ್ ಒತ್ತಿದರು, ಎರಡು ಸಲ.
ಅತ್ತ ಯಾರೂ ಇರಲಿಲ್ಲ.
ಮಕ್ಕಳು ಅಡ್ಡ ಬರ್ತವೆ ಇಲ್ಲಿ.
ನಾನು ಮಕ್ಕಳನ್ನು ಮಾಡಿರಲಿಲ್ಲ.
ಗುದ್ದಬಹುದಾದ ಕಡೆ ಮಕ್ಕಳಿರಕೂಡದು,
ಅದು ನಮ್ಮ ಆಫೀಸಿನ ನಿಯಮ.
ಒಳ್ಳೆಯ ನಿಯಮವೇ.
ಆ ತಿರುವಿಗೆ ಅದನ್ನು ಹೇಳುವವರು ಯಾರು?

ಮೈಸೂರು ರಸ್ತೆ ಬಂತು, ಪಕ್ಕದಲ್ಲೇ ವೃಷಭಾವತಿ.
ನೊರೆ ಬೇಡ ಅಂದಿದ್ದರು, ತಿಳಿನೀರು ಹರಿಸಿದ್ದೆ,
ಬಸವನ ಪಾದದಲ್ಲಿ ಹುಟ್ಟುವಾಗ ಹೀಗೇ ಇತ್ತಂತಲ್ಲ,
ಆ ಧೈರ್ಯದ ಮೇಲೆ.
ಹಸಿರು ದಂಡೆ, ಎರಡು ಕೊಕ್ಕರೆ.
ಅಮೀರ್‌ಜಾನರ ಬಲಗೈ
ತನ್ನಷ್ಟಕ್ಕೆ ಕೆಳಗಿಳಿದು ಹುಡುಕಿತು,
ಕಿಟಕಿ ಗಾಜು ಏರಿಸುವ ಹಿಡಿ.

ನಾಯಂಡಹಳ್ಳಿ ದಾಟುತ್ತಲೇ ಗಾಡಿ ನಿಂತಿತು.
ಚಕ್ರ ತಿರುಗುತ್ತಿದೆ, ಇಂಜಿನ್ ಮುಲುಕುತ್ತಿದೆ,
ರಸ್ತೆ ಮುಂದಕ್ಕೆ ಕಾಣುತ್ತಿದೆ.
ಏನಾಯ್ತು?
ನಕ್ಷೆ ಮುಗೀತು ಸಾಬ್. ಇಲ್ಲೊಂದು ಗೋಡೆ ಇದೆ, ಕಾಣಲ್ಲ.
ಮುಂದೆ?
ಬರೀ ಚಿತ್ರ.
ನಿಮ್ಮ ಮನೆ ಎಲ್ಲಿ ಮೇಡಂ?
ಪಂತರಪಾಳ್ಯ.
ಇಲ್ಲಿಂದ ಒಂದು ಬೀಡಿ ದೂರ!
ನಕ್ಕು, ಹ್ಯಾಂಡ್ ಬ್ರೇಕ್ ಎಳೆದು ಹೇಳಿದರು,
ಇಳಿದು ನಡ್ಕೊಂಡ್ ಹೋಗಿ ಹಾಗಾದ್ರೆ.

ಬಾಗಿಲು ತೆರೆಯುವುದಿಲ್ಲ ಆ ಗಾಡಿಗೆ,
ಕೀಲು ಮಾಡಿಲ್ಲ, ಗೆರೆ ಎಳೆದಿದೆ ಅಷ್ಟೇ.

ರಾತ್ರಿ ಎಲ್ಲರೂ ಹೋದ ಮೇಲೆ
ಗೋಡೆಯನ್ನು ಸ್ವಲ್ಪ ಪಶ್ಚಿಮಕ್ಕೆ ಸರಿಸಿದೆ,
ರೊಜಾರಿಯೊನಿಗೆ ಗೊತ್ತಾಗದಷ್ಟು.
ಮನೆ ಇನ್ನೂ ಸಿಕ್ಕಿಲ್ಲ.
ನಮ್ಮ ಬೀದಿಯ ಮೊದಲ ಹಂಪು ಬಂದಿದೆ.
ಅದಕ್ಕೆ ಟೇಪು ಹಿಡಿಯಲಿಲ್ಲ.
ಬೆನ್ನಿಗೆ ಗೊತ್ತು.